ವೀಸಾ ಸಂದರ್ಶನ ರದ್ದಾಯಿತು, ವಿವೇಕವೂ ರದ್ದಾಗಬೇಕೇ?

ನಮ್ಮ ಸಮುದಾಯದಲ್ಲಿ ಎಲ್ಲ ನಷ್ಟಗಳ ಮೇಲೂ ಹೊದಿಸಲಾಗುವ ಒಂದು ಪದವಿದೆ. ಅದು ‘ನಸೀಬ್’. ಮಗ ಓದದಿದ್ದರೆ ನಸೀಬ್, ವ್ಯಾಪಾರ ಮುಳುಗಿದರೆ ನಸೀಬ್, ಅಳಿಯ ಕೈಕೊಟ್ಟರೆ ನಸೀಬ್. 2020ರ ಮಾರ್ಚ್ ತಿಂಗಳಲ್ಲಿ ಕೊರೋನಾ ಮಹಾಮಾರಿಯಿಂದಾಗಿ ವೀಸಾ ಸಂದರ್ಶನಗಳು ಸಾಲುಸಾಲಾಗಿ ರದ್ದಾದಾಗಲೂ ನಮ್ಮ ಮನೆಗಳಲ್ಲಿ ಕೇಳಿಬಂದದ್ದು ಇದೇ ಪದ. ಸಂದರ್ಶನ ರದ್ದಾದದ್ದು ವಿಧಿ ಎಂಬುದನ್ನು ಒಪ್ಪೋಣ. ಆದರೆ ಆ ಸಂದರ್ಶನದ ದಿನಾಂಕವನ್ನು ನಂಬಿ ಬಡ್ಡಿಗೆ ಸಾಲ ಮಾಡಿದ್ದು, ರಸೀದಿಯಿಲ್ಲದೆ ಏಜೆಂಟನ ಕೈಗೆ ಲಕ್ಷಗಳನ್ನು ಒಪ್ಪಿಸಿದ್ದು, ಅವಸರದಲ್ಲಿ ಮಗಳ ನಿಕಾಹ್ ನೆರವೇರಿಸಿ ಆಕೆಯ ಬದುಕನ್ನು ಪಾಸ್‌ಪೋರ್ಟಿನ ಒಂದು ಮುದ್ರೆಗೆ ಅಡವಿಟ್ಟದ್ದು, ಇವೆಲ್ಲವೂ ವಿಧಿಯೇ? ಇವು ನಮ್ಮ ಕೈಯಾರೆ ಆದ ಕೆಲಸಗಳು. ಇವುಗಳಿಗೆ ಅಲ್ಲಾಹನ ಹೆಸರನ್ನು ಮುಂದೊಡ್ಡುವುದು ಈಮಾನ್ ಅಲ್ಲ, ಹೊಣೆಗೇಡಿತನ.

ನಡೆದುದನ್ನು ಮೊದಲು ನೆನಪಿಗೆ ತಂದುಕೊಳ್ಳೋಣ. 2020ರ ಮಾರ್ಚ್ 16ರಿಂದ ಭಾರತದಲ್ಲಿನ ಅಮೆರಿಕದ ರಾಯಭಾರ ಕಚೇರಿಯೂ ದೂತಾವಾಸಗಳೂ ವೀಸಾ ಸಂದರ್ಶನಗಳನ್ನು ರದ್ದುಪಡಿಸಿದವು. ಮಾರ್ಚ್ 20ರಂದು ಅಮೆರಿಕವು ಜಗತ್ತಿನಾದ್ಯಂತ ತನ್ನ ದೈನಂದಿನ ವೀಸಾ ಸೇವೆಯನ್ನು ನಿಲ್ಲಿಸಿತು. ಅದೇ ತಿಂಗಳ ಕೊನೆಯ ವಾರದ ಹೊತ್ತಿಗೆ ನಮ್ಮ ದೇಶದಿಂದ ಹೊರಡುವ ಅಂತಾರಾಷ್ಟ್ರೀಯ ವಿಮಾನಗಳೂ ನಿಂತವು. ನಿಗದಿತ ಹಾರಾಟ ಪೂರ್ಣವಾಗಿ ಪುನರಾರಂಭವಾದದ್ದು 2022ರ ಮಾರ್ಚ್ 27ರಂದು, ಅಂದರೆ ಎರಡು ವರ್ಷಗಳ ಬಳಿಕ. ಈ ನಡುವೆ ಟ್ರಂಪ್ ಆಡಳಿತವು 2020ರ ಏಪ್ರಿಲ್ 22ರಂದು ಹೊಸ ವಲಸೆ ವೀಸಾಗಳಿಗೆ ತಡೆಯೊಡ್ಡಿತು. ಅಮೆರಿಕದ ಪ್ರಜೆಗಳ ಪತ್ನಿಯರಿಗೆ ವಿನಾಯಿತಿ ಇತ್ತು, ಗ್ರೀನ್ ಕಾರ್ಡ್ ಹೊಂದಿದವರ ಪತ್ನಿಯರಿಗೆ ಇರಲಿಲ್ಲ. ಜೂನ್ 22ರಂದು ಎಚ್-1ಬಿ ಮೊದಲಾದ ಉದ್ಯೋಗ ವೀಸಾಗಳಿಗೂ, ಅವರ ಜೊತೆಗೆ ಹೋಗಬೇಕಾದ ಕುಟುಂಬದವರ ವೀಸಾಗಳಿಗೂ ತಡೆ ಬಿತ್ತು. ಅದು ತೆರವಾದದ್ದು 2021ರ ಮಾರ್ಚ್ 31ಕ್ಕೆ. ತಿಂಗಳ ಬಳಿಕ, ಎರಡನೇ ಅಲೆಯ ದಿನಗಳಲ್ಲಿ, ಸಂದರ್ಶನಗಳು ಮತ್ತೊಮ್ಮೆ ರದ್ದಾದವು.

ಕೊಲ್ಲಿ ರಾಷ್ಟ್ರಗಳ ದಾರಿಯೂ ಸುಗಮವಾಗಿರಲಿಲ್ಲ. ಸೌದಿ ಅರೇಬಿಯಾ 2021ರ ಫೆಬ್ರವರಿಯಲ್ಲಿ ಭಾರತವೂ ಸೇರಿದಂತೆ 20 ರಾಷ್ಟ್ರಗಳಿಂದ ಬರುವವರಿಗೆ ಬಾಗಿಲು ಮುಚ್ಚಿತು. ಭಾರತದಿಂದ ನೇರ ಪ್ರವೇಶಕ್ಕೆ ಅವಕಾಶ ದೊರೆತದ್ದು ಆ ವರ್ಷದ ಡಿಸೆಂಬರ್ 1ರಿಂದ. ಯುಎಇ 2021ರ ಏಪ್ರಿಲ್ ಕೊನೆಯ ವಾರದಲ್ಲಿ ಬಾಗಿಲು ಮುಚ್ಚಿ, ಆಗಸ್ಟ್‌ನಲ್ಲಿ ಭಾಗಶಃ ತೆರೆಯಿತು. ರಜೆಗೆಂದು ಊರಿಗೆ ಬಂದವರು ನೇಪಾಳ, ಮಾಲ್ಡೀವ್ಸ್‌ಗಳಲ್ಲಿ 14 ದಿನ ತಂಗಿ, ಅಲ್ಲಿಂದ ಸೌದಿಗೆ ಸೇರಲು ಹೆಣಗಿದರು. ನೇಪಾಳವೂ ಆ ದಾರಿಯನ್ನು ಮುಚ್ಚಿದಾಗ ಕಠ್ಮಂಡುವಿನ ಹೋಟೆಲುಗಳಲ್ಲಿ ಸಿಕ್ಕಿಹಾಕಿಕೊಂಡರು. ಚೀನಾದಲ್ಲಿ ಕಲಿಯುತ್ತಿದ್ದ ಸುಮಾರು 23 ಸಾವಿರ ಭಾರತೀಯ ವಿದ್ಯಾರ್ಥಿಗಳು, ಅವರಲ್ಲಿ ಹೆಚ್ಚಿನವರು ವೈದ್ಯಕೀಯ ವಿದ್ಯಾರ್ಥಿಗಳು, 2022ರವರೆಗೂ ಮರಳಿ ಹೋಗಲಾಗದೆ ಮನೆಯಲ್ಲೇ ಕುಳಿತರು.

ಈ ಅಂಕಿ ಅಂಶಗಳ ಹಿಂದೆ ನಮ್ಮಂತಹ ಊರುಗಳ ಮನೆಗಳಿವೆ. ತುಮಕೂರಿನ ಅಂಚಿನ ಅಂತರಸನಹಳ್ಳಿಯನ್ನೇ ತೆಗೆದುಕೊಳ್ಳಿ. ಹೆದ್ದಾರಿಯ ಬದಿಯ ತರಕಾರಿ ಮಾರುಕಟ್ಟೆ, ಕೈಗಾರಿಕಾ ಪ್ರದೇಶ, ಲಾರಿಗಳ ಓಡಾಟ, ಬೆಳಗಿನ ಜಾವಕ್ಕೇ ಆರಂಭವಾಗುವ ದುಡಿಮೆ. ಇಂತಹ ಪರಿಸರದಲ್ಲಿ ಮಂಡಿಯ ವ್ಯಾಪಾರಿಯೋ ಲಾರಿ ಚಾಲಕನೋ ಮೆಕ್ಯಾನಿಕನೋ ಆಗಿರುವ ತಂದೆಗೆ ಮಗನ ಅಮೆರಿಕದ ಪ್ರವೇಶಪತ್ರವೆಂದರೆ ಇಡೀ ಮನೆತನದ ಮುಂದಿನ ದಾರಿ. ಸಂದರ್ಶನಕ್ಕಾಗಿ ಆತ 400 ಕಿ.ಮೀ.ಗೂ ಹೆಚ್ಚು ದೂರದ ಚೆನ್ನೈಗೆ ಹೋಗಬೇಕಿತ್ತು, ಇಲ್ಲವೇ ಇನ್ನೂ ದೂರದ ಹೈದರಾಬಾದಿಗೆ. ಕೌಂಟರಿನ ಮುಂದೆ ಕೆಲವೇ ನಿಮಿಷಗಳ ಮಾತು. ಆ ಕೆಲವು ನಿಮಿಷಗಳಿಗಾಗಿ ಮನೆಯ ಪತ್ರ, ತಾಯಿಯ ಬಳೆ, ತಂಗಿಯ ಮದುವೆಗೆಂದು ಕೂಡಿಟ್ಟ ಹಣ ಎಲ್ಲವೂ ಪಣಕ್ಕೆ ಬೀಳುತ್ತವೆ. ದಿನಾಂಕ ರದ್ದಾದಾಗ ಬಳೆ ಗಿರವಿ ಅಂಗಡಿಯಲ್ಲೇ ಉಳಿಯಿತು, ಬಡ್ಡಿ ಮಾತ್ರ ಒಂದು ದಿನವೂ ರದ್ದಾಗಲಿಲ್ಲ.

ಉಮರ್(ರ) ಹಿಂತಿರುಗಿದ ದಾರಿ

ಸಾಂಕ್ರಾಮಿಕ ರೋಗದ ಕಾರಣಕ್ಕೆ ಪ್ರಯಾಣ ರದ್ದಾದದ್ದು ಇಸ್ಲಾಮಿನ ಇತಿಹಾಸದಲ್ಲಿ ಹೊಸದೇನಲ್ಲ. ಹಿಜರಿ 18ನೇ ವರ್ಷದಲ್ಲಿ ಖಲೀಫಾ ಉಮರ್(ರ) ಸಿರಿಯಾದತ್ತ ಹೊರಟಿದ್ದರು. ಗಡಿಯ ಸಮೀಪದ ಸರ್ಗ್ ಎಂಬಲ್ಲಿ, ಮುಂದಿನ ನಾಡಿನಲ್ಲಿ ಪ್ಲೇಗ್ ಹಬ್ಬಿದೆಯೆಂಬ ಸುದ್ದಿ ತಲುಪಿತು. ಅವರು ಮುಹಾಜಿರ್‌ಗಳನ್ನು ಕರೆದು ಸಮಾಲೋಚಿಸಿದರು, ಅನ್ಸಾರ್‌ಗಳನ್ನು ಕರೆದು ಕೇಳಿದರು, ಕುರೈಶರ ಹಿರಿಯರ ಅಭಿಪ್ರಾಯ ಪಡೆದರು. ಬಳಿಕ ಮದೀನಾಕ್ಕೆ ಹಿಂತಿರುಗಲು ನಿರ್ಧರಿಸಿದರು. ಅಲ್ಲಾಹನ ವಿಧಿಯಿಂದ ಪಲಾಯನ ಮಾಡುತ್ತೀರಾ ಎಂದು ಅಬೂ ಉಬೈದ(ರ) ಆಕ್ಷೇಪಿಸಿದಾಗ, ಅಲ್ಲಾಹನ ಒಂದು ವಿಧಿಯಿಂದ ಇನ್ನೊಂದು ವಿಧಿಯೆಡೆಗೆ ಹೋಗುತ್ತಿದ್ದೇನೆ ಎಂಬ ಅರ್ಥದಲ್ಲಿ ಉತ್ತರಿಸಿದರು. ಒಂಟೆಗಳೊಂದಿಗೆ ಕಣಿವೆಗಿಳಿದವನ ಮುಂದೆ ಒಂದು ಬದಿ ಹಸಿರು, ಇನ್ನೊಂದು ಬದಿ ಬರಡು ಇದ್ದರೆ, ಆತ ಯಾವ ಬದಿಯಲ್ಲಿ ಮೇಯಿಸಿದರೂ ಅದು ಅಲ್ಲಾಹನ ವಿಧಿಯೇ ತಾನೇ ಎಂದು ಅವರು ವಿವರಿಸಿದರು. ರೋಗ ಹಬ್ಬಿದ ನಾಡನ್ನು ಪ್ರವೇಶಿಸಬಾರದು, ಅಲ್ಲಿರುವವರು ಅಲ್ಲಿಂದ ಓಡಿಹೋಗಬಾರದು ಎಂಬ ಪ್ರವಾದಿ(ಸ)ಯವರ ಬೋಧನೆಯನ್ನು ಆಮೇಲೆ ಅಬ್ದುರ್ರಹ್ಮಾನ್ ಬಿನ್ ಔಫ್(ರ) ತಿಳಿಸಿದರು.

ಈ ಘಟನೆಯನ್ನು 2020ರ ಲಾಕ್‌ಡೌನ್ ದಿನಗಳಲ್ಲಿ ನಾವು ಎಷ್ಟು ಬಾರಿ ಕೇಳಲಿಲ್ಲ? ಮಸೀದಿಗೆ ಬೀಗ ಬಿದ್ದಾಗ ಇದೇ ಸಮಾಧಾನವಾಗಿತ್ತು. ಆದರೆ ಅದರ ಅರ್ಧ ಪಾಠವನ್ನಷ್ಟೇ ನಾವು ಕಲಿತೆವು. ಹಿಂತಿರುಗಿದ್ದನ್ನು ನೆನಪಿಟ್ಟುಕೊಂಡೆವು, ಹಿಂತಿರುಗುವ ಮುನ್ನ ಮೂರು ಗುಂಪುಗಳೊಂದಿಗೆ ಸಮಾಲೋಚಿಸಿದ್ದನ್ನು ಮರೆತೆವು. ಕಣಿವೆಗೆ ಎರಡು ಬದಿಗಳಿವೆ, ಹಸಿರನ್ನು ಹುಡುಕುವುದು ಒಂಟೆಯ ಒಡೆಯನ ಕರ್ತವ್ಯ ಎಂಬುದನ್ನು ಮರೆತೆವು. ಮಗನನ್ನು ವಿದೇಶಕ್ಕೆ ಕಳುಹಿಸುವ ನಿರ್ಧಾರವನ್ನು ನಮ್ಮಲ್ಲಿ ಎಷ್ಟು ಕುಟುಂಬಗಳು ತಿಳಿದವರೊಂದಿಗೆ ಕುಳಿತು ಚರ್ಚಿಸುತ್ತವೆ? ನೆರೆಮನೆಯವರ ಮಗ ಹೋದನೆಂಬುದೇ ಅನೇಕರಿಗೆ ಸಮಾಲೋಚನೆ, ಏಜೆಂಟನ ಮಾತೇ ಫತ್ವಾ.

ರಸೀದಿಯಿಲ್ಲದ ವ್ಯವಹಾರ

ಪವಿತ್ರ ಕುರ್‌ಆನಿನ ಅತಿ ದೀರ್ಘ ವಚನ ಯಾವುದು? ಅಲ್ ಬಕರ ಅಧ್ಯಾಯದ 282ನೇ ವಚನ. ಅದರ ವಿಷಯವೇನು? ಸಾಲದ ವ್ಯವಹಾರವನ್ನು ಬರೆದಿಡಬೇಕು, ಬರೆಯುವವನು ನ್ಯಾಯಯುತವಾಗಿ ಬರೆಯಬೇಕು, ಸಾಕ್ಷಿಗಳಿರಬೇಕು, ಮೊತ್ತ ಚಿಕ್ಕದೆಂದು ಉದಾಸೀನ ಮಾಡಬಾರದು ಎಂಬುದು. ಈ ವಚನವನ್ನು ಪ್ರತಿ ರಮಝಾನಿನಲ್ಲಿ ಓದುವ ಸಮುದಾಯದ ಮಂದಿ ಮೂರು ನಾಲ್ಕು ಲಕ್ಷ ರೂಪಾಯಿಗಳನ್ನು ಒಂದು ತುಂಡು ಕಾಗದವೂ ಇಲ್ಲದೆ ಏಜೆಂಟನ ಕೈಗಿಡುತ್ತಾರೆ! ‘ನಮ್ಮವನೇ, ಐದು ಹೊತ್ತು ನಮಾಝ್ ಮಾಡುವವನು’ ಎಂಬುದು ಅವರ ಏಕೈಕ ಭದ್ರತೆ. ಸಂದರ್ಶನಗಳು ರದ್ದಾದಾಗ ‘ಹಣ ಮೇಲಿನವರಿಗೆ ಹೋಗಿದೆ’ ಎಂಬ ಉತ್ತರ ಬಂತು. ಆ ಮೇಲಿನವರು ಯಾರೆಂಬುದು ಇಂದಿಗೂ ಯಾರಿಗೂ ತಿಳಿದಿಲ್ಲ.

ಇದಕ್ಕೆ ಪ್ರತಿಯಾಗಿ ಇನ್ನೊಂದು ನಿದರ್ಶನ ನೋಡಿ. 2020ರಲ್ಲಿ ಹಜ್ ಯಾತ್ರೆಗೆ ಭಾರತದಿಂದ ಯಾರನ್ನೂ ಕಳುಹಿಸಲಾಗದೆಂದು ಜೂನ್ 23ರಂದು ಪ್ರಕಟವಾಯಿತು. ಅರ್ಜಿ ಸಲ್ಲಿಸಿದ್ದ 2,13,000 ಮಂದಿಯ ಹಣವನ್ನು ಯಾವುದೇ ಕಡಿತವಿಲ್ಲದೆ ನೇರವಾಗಿ ಅವರ ಬ್ಯಾಂಕ್ ಖಾತೆಗೆ ಮರಳಿಸುವುದಾಗಿ ಸರಕಾರ ಹೇಳಿತು. ಅಲ್ಲಿ ಖಾತೆಯಿತ್ತು, ದಾಖಲೆಯಿತ್ತು, ಲೆಕ್ಕವಿತ್ತು. ಇವು ಇದ್ದಲ್ಲಿ ಮಹಾಮಾರಿಯಲ್ಲೂ ಹಣ ಮರಳುವ ದಾರಿಯಿರುತ್ತದೆ. ಇಲ್ಲದಿದ್ದಲ್ಲಿ ಸಾಮಾನ್ಯ ದಿನಗಳಲ್ಲೂ ಮರಳದು.

ಅರಿವಿನ ಕೊರತೆಯಿಂದಾದ ನಷ್ಟವೂ ಸಣ್ಣದಲ್ಲ. ಸಂದರ್ಶನ ರದ್ದಾದವರು ಕಟ್ಟಿದ್ದ ವೀಸಾ ಶುಲ್ಕದ ಅವಧಿಯನ್ನು ಅಮೆರಿಕವು 2023ರ ಸೆಪ್ಟೆಂಬರ್ 30ರವರೆಗೆ ವಿಸ್ತರಿಸಿತ್ತು. ಮತ್ತೆ ಶುಲ್ಕ ಕಟ್ಟಬೇಕೆಂದು ಹೇಳಿದ ಏಜೆಂಟನು ಸುಳ್ಳು ಹೇಳಿದ್ದ. ತುರ್ತು ಸಂದರ್ಶನಕ್ಕಾಗಿ ಮನವಿ ಸಲ್ಲಿಸಲು ಪ್ರತ್ಯೇಕ ಶುಲ್ಕವಿರಲಿಲ್ಲ. ‘ಸ್ಲಾಟ್ ಕೊಡಿಸುತ್ತೇವೆ’ ಎಂದು ಸಾವಿರಾರು ರೂಪಾಯಿ ಕಿತ್ತವರು ಪುಕ್ಕಟೆಯಾಗಿ ಸಿಗುವುದನ್ನು ಮಾರಿದ್ದರು. ಪ್ರವೇಶ ನೀಡಿದ ವಿಶ್ವವಿದ್ಯಾಲಯಕ್ಕೆ ಪತ್ರ ಬರೆದು ಪ್ರವೇಶವನ್ನು ಮುಂದಿನ ಅವಧಿಗೆ ಮುಂದೂಡಿಕೊಳ್ಳುವ ಅವಕಾಶ ಅನೇಕ ಕಡೆಗಳಲ್ಲಿತ್ತು. ಹಾಗೆ ಮಾಡಿ ಸಂಯಮದಿಂದ ಕಾದವರಿಗೆ ಫಲ ದೊರೆಯಿತು. 2021ರ ಬೇಸಗೆಯಲ್ಲಿ ಸಂದರ್ಶನಗಳು ಮತ್ತೆ ಆರಂಭವಾದಾಗ ಭಾರತದ 55 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಅಮೆರಿಕದ ವೀಸಾ ಸಿಕ್ಕಿತು. ಸಬ್ರ್ ಎಂದರೆ ಕೈಕಟ್ಟಿ ಕೂರುವುದಲ್ಲ, ಬಾಗಿಲು ತೆರೆದಾಗ ಒಳಹೋಗಲು ಸಿದ್ಧವಾಗಿರುವುದು.

ತವರಿನಲ್ಲೇ ಉಳಿದ ಹೆಣ್ಣುಮಕ್ಕಳು

ಈ ಪ್ರಕರಣದಲ್ಲಿ ಹೆಚ್ಚು ನೊಂದವರು, ಆದರೆ ಎಲ್ಲಿಯೂ ಲೆಕ್ಕಕ್ಕೆ ಬಾರದವರು ನಮ್ಮ ಹೆಣ್ಣುಮಕ್ಕಳು. ವರ ವಿದೇಶದಲ್ಲಿದ್ದಾನೆಂದರೆ ನಮ್ಮ ಕಣ್ಣು ಕುರುಡಾಗುತ್ತದೆ. ಹದಿನೈದು ದಿನಗಳ ರಜೆಯಲ್ಲಿ ಬಂದು ನಿಕಾಹ್ ಮಾಡಿಕೊಂಡು ಆತ ಮರಳುತ್ತಾನೆ. ‘ಮೂರು ತಿಂಗಳಲ್ಲಿ ವೀಸಾ ಬರುತ್ತದೆ’ ಎಂಬ ಮಾತಿನ ಮೇಲೆ ಹುಡುಗಿ ಓದನ್ನು ಬಿಡುತ್ತಾಳೆ, ಕೆಲಸವನ್ನು ಬಿಡುತ್ತಾಳೆ. 2020ರಲ್ಲಿ ಆ ಮೂರು ತಿಂಗಳು ವರ್ಷವಾಯಿತು, ಕೆಲವರಿಗೆ ಅದಕ್ಕೂ ಹೆಚ್ಚಾಯಿತು. ವಿನಾಯಿತಿ ಇದ್ದವರಿಗೂ ಸಂದರ್ಶನ ನಡೆಸುವ ಕಚೇರಿಯೇ ಮುಚ್ಚಿತ್ತು. ತವರಿನಲ್ಲಿ ಆಕೆ ಅತಿಥಿ, ಅತ್ತೆಮನೆಯಲ್ಲಿ ಅಪರಿಚಿತೆ. ಮೊಬೈಲಿನ ಪರದೆಯಲ್ಲಷ್ಟೇ ಗಂಡ. ‘ಇನ್ನೂ ಹೋಗಲಿಲ್ಲವೇ?’ ಎಂಬ ನೆಂಟರ ಪ್ರಶ್ನೆಯನ್ನು ಅವಳು ದಿನವೂ ನುಂಗಬೇಕಾಯಿತು.

ಆಕೆಯ ಜೀವನಾಂಶ ಯಾರ ಹೊಣೆ? ಪತ್ನಿ ಹೋಗಲು ಸಿದ್ಧಳಿದ್ದು, ಸರಕಾರಗಳ ತಡೆಯಿಂದಾಗಿ ತವರಿನಲ್ಲಿ ಉಳಿದರೆ ಗಂಡನ ಹೊಣೆ ತಪ್ಪುವುದಿಲ್ಲ ಎಂಬುದನ್ನು ನಮ್ಮ ಎಷ್ಟು ಉಲಮಾಗಳು ಖುತುಬಾದಲ್ಲಿ ಹೇಳಿದರು? ವರದಕ್ಷಿಣೆಗಾಗಿ ಮಂಟಪದಲ್ಲೇ ಚೌಕಾಶಿ ಮಾಡುವ ಹಿರಿಯರು, ವೀಸಾ ವಿಳಂಬವಾದರೆ ಹುಡುಗಿ ಎಲ್ಲಿರಬೇಕು, ಓದು ಮುಂದುವರಿಸಬಹುದೇ, ತಿಂಗಳ ಖರ್ಚು ಎಷ್ಟು ಎಂಬ ನಾಲ್ಕು ಸಾಲುಗಳನ್ನು ನಿಕಾಹ್‌ನಾಮಾದಲ್ಲಿ ಬರೆಸಲು ನಾಚುವುದೇಕೆ? ನಿಕಾಹ್ ಒಂದು ಕರಾರು ಎಂದು ಇತರರ ಮುಂದೆ ಹೆಮ್ಮೆಪಡುವ ನಾವು, ಕರಾರಿನಲ್ಲಿ ಷರತ್ತು ಬರೆಯುವುದನ್ನು ಮಾತ್ರ ಅಪಶಕುನವೆಂದು ಭಾವಿಸುತ್ತೇವೆ.

ಸರಕಾರಗಳ ಪಾಲು

ಎಲ್ಲ ದೋಷವನ್ನೂ ಕುಟುಂಬಗಳ ತಲೆಗೆ ಕಟ್ಟುವುದು ಅನ್ಯಾಯವಾದೀತು. ಮಾಹಿತಿ ತಂತ್ರಜ್ಞಾನದ ರಾಜಧಾನಿಯೆಂದು ಕೊಂಡಾಡಲಾಗುವ ಬೆಂಗಳೂರಿನಲ್ಲಿ ಅಮೆರಿಕದ ದೂತಾವಾಸ ಉದ್ಘಾಟನೆಯಾದದ್ದು 2025ರ ಜನವರಿ 17ರಂದು, ಆ ದಿನವೂ ಅಲ್ಲಿ ವೀಸಾ ಸೇವೆ ಆರಂಭವಾಗಿರಲಿಲ್ಲ. ಅಷ್ಟು ವರ್ಷಗಳ ಕಾಲ ಕರ್ನಾಟಕದ ಬಡ ಮತ್ತು ಮಧ್ಯಮ ವರ್ಗದ ಅಭ್ಯರ್ಥಿಗಳು ನೆರೆರಾಜ್ಯದ ಸರತಿಯಲ್ಲಿ ನಿಂತರು. 2022ರ ಕೊನೆಯ ಹೊತ್ತಿಗೆ, ಮೊದಲ ಬಾರಿಗೆ ಭೇಟಿ ವೀಸಾ ಕೇಳುವವರ ಕಾಯುವಿಕೆ ಭಾರತದ ಕೆಲವು ಕೇಂದ್ರಗಳಲ್ಲಿ 800 ದಿನಗಳನ್ನು ಮೀರಿತ್ತು. ಮಗಳ ಹೆರಿಗೆಗೆಂದು ಹೋಗಬೇಕಿದ್ದ ತಾಯಿಗೆ, ಮೊಮ್ಮಗು ಎರಡು ವರ್ಷ ದಾಟಿದ ಮೇಲಿನ ದಿನಾಂಕ!

ಅಲ್ಪಸಂಖ್ಯಾತ ವಿದ್ಯಾರ್ಥಿಗಳ ವಿದೇಶ ವ್ಯಾಸಂಗದ ಸಾಲಕ್ಕೆ ಬಡ್ಡಿ ಸಹಾಯಧನ ನೀಡುತ್ತಿದ್ದ ‘ಪಢೋ ಪರದೇಶ್’ ಯೋಜನೆಯನ್ನು ಕೇಂದ್ರ ಸರಕಾರವು 2022-23ರಿಂದ ನಿಲ್ಲಿಸಿತು. ಮಹಾಮಾರಿಯಿಂದ ಬೆನ್ನು ಮುರಿದಿದ್ದ ಕುಟುಂಬಗಳಿಗೆ ಆಸರೆ ಬೇಕಿದ್ದ ಹೊತ್ತಿನಲ್ಲೇ ಇದ್ದ ಆಸರೆಯನ್ನು ಕಿತ್ತುಕೊಳ್ಳಲಾಯಿತು. ಉದ್ಯೋಗಕ್ಕಾಗಿ ವಿದೇಶಕ್ಕೆ ಕಳುಹಿಸುವ ಏಜೆಂಟರು 1983ರ ವಲಸೆ ಕಾಯ್ದೆಯಡಿ ನೋಂದಾಯಿಸಿಕೊಳ್ಳಬೇಕು, ಅವರು ಪಡೆಯಬಹುದಾದ ಸೇವಾ ಶುಲ್ಕಕ್ಕೆ 30 ಸಾವಿರ ರೂಪಾಯಿ ಮತ್ತು ಜಿಎಸ್‌ಟಿಯ ಮಿತಿ ನಿಗದಿಯಾಗಿತ್ತು. ಆದರೆ ಗಲ್ಲಿಗೊಂದರಂತೆ ಫಲಕ ನೇತುಹಾಕಿರುವ ವಿದೇಶಿ ಶಿಕ್ಷಣ ಸಲಹೆಗಾರರು ಆ ಕಾಯ್ದೆಯ ವ್ಯಾಪ್ತಿಗೆ ಬರಲೇ ಇಲ್ಲ. ಪಂಜಾಬ್ ರಾಜ್ಯವು 2012ರಲ್ಲೇ ಇಂಥವರಿಗೆ ಪರವಾನಗಿ ಕಡ್ಡಾಯಗೊಳಿಸುವ ಕಾಯ್ದೆಯನ್ನು ರೂಪಿಸಿತು. ಅಂಥ ಬಿಗಿ ಕಾನೂನು ನಮಗೂ ಬೇಕೆಂದು ಮತ ಕೇಳಲು ಬರುವ ಶಾಸಕರ ಮುಂದೆ ಎಷ್ಟು ಮಂದಿ ಬೇಡಿಕೆಯಿಟ್ಟಿದ್ದೇವೆ? ನಮ್ಮ ಬೇಡಿಕೆಗಳು ಖಬರಸ್ತಾನದ ಕಾಂಪೌಂಡ್ ಗೋಡೆಯ ಆಚೆಗೆ ಹೋಗುವುದು ಯಾವಾಗ?

‘ಇಲ್ಲಿ ನಮಗೇನಿದೆ?’

ಇಷ್ಟು ಹೇಳಿದಾಗ ಒಂದು ಪ್ರಶ್ನೆ ಎದುರಾಗುತ್ತದೆ. ‘ಇಲ್ಲಿ ನಮಗೇನಿದೆ? ಹೊರಗೆ ಹೋಗದೆ ಏನು ಮಾಡಬೇಕು?’ ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲಾಗದು. ಸಾಚಾರ್ ಸಮಿತಿಯ ವರದಿ 2006ರಲ್ಲೇ ಸರಕಾರಿ ಉದ್ಯೋಗಗಳಲ್ಲಿ, ಉನ್ನತ ಶಿಕ್ಷಣದಲ್ಲಿ ಮುಸ್ಲಿಮರ ಸ್ಥಾನವನ್ನು ತೆರೆದಿಟ್ಟಿತ್ತು. 2020ರ ಏಪ್ರಿಲ್‌ನಲ್ಲಿ ತಬ್ಲೀಗ್ ಜಮಾಅತಿನ ನೆಪದಲ್ಲಿ ಒಂದು ರೋಗಕ್ಕೆ ಧರ್ಮವನ್ನು ಅಂಟಿಸಲಾಯಿತು, ಮುಸ್ಲಿಂ ತರಕಾರಿ ವ್ಯಾಪಾರಿಗಳನ್ನು ಬಹಿಷ್ಕರಿಸುವ ಕರೆಗಳು ಕೇಳಿಬಂದವು. ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರೇ ಅದರ ವಿರುದ್ಧ ಎಚ್ಚರಿಕೆ ನೀಡಬೇಕಾಯಿತು. ತಳ್ಳುಗಾಡಿಯವನು ತನ್ನ ಮಗನಿಗೆ ಬೇರೆ ಆಕಾಶವನ್ನು ಬಯಸಿದರೆ ಅವನನ್ನು ದೂಷಿಸುವವರಾರು?

ಹೊರಗೆ ಹೋಗುವುದು ತಪ್ಪೆಂದು ಈ ಲೇಖನ ಹೇಳುತ್ತಿಲ್ಲ. ವಿದ್ಯೆಗಾಗಿ, ಹಲಾಲ್ ಸಂಪಾದನೆಗಾಗಿ ಪ್ರಯಾಣ ಬೆಳೆಸುವುದು ನಮ್ಮ ಪರಂಪರೆಯ ಹೆಮ್ಮೆ. ಇರುವ ಎಲ್ಲ ಒಂಟೆಗಳನ್ನೂ ಒಂದೇ ಗೂಟಕ್ಕೆ ಕಟ್ಟುವುದು ತಪ್ಪು. ಪಕ್ಕದ ಗುಬ್ಬಿ ತಾಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ವಸಂತನರಸಾಪುರದಲ್ಲಿ ದೊಡ್ಡ ಕೈಗಾರಿಕಾ ಪ್ರದೇಶವಿದೆ. ಎಪ್ಪತ್ತು ಕಿ.ಮೀ. ದೂರದಲ್ಲಿ ಬೆಂಗಳೂರಿದೆ. ಚೆನ್ನೈಯ ಸಂದರ್ಶನಕ್ಕೆ ವರ್ಷಗಟ್ಟಲೆ ತಯಾರಿ ನಡೆಸುವ ನಮ್ಮ ಯುವಕರಲ್ಲಿ ಎಷ್ಟು ಮಂದಿ ಇಲ್ಲಿನ ಅಪ್ರೆಂಟಿಸ್ ಹುದ್ದೆಗಳಿಗೆ, ಸಾರ್ವಜನಿಕ ಉದ್ಯಮಗಳ ನೇಮಕಾತಿ ಪರೀಕ್ಷೆಗಳಿಗೆ ಅರ್ಜಿ ಹಾಕಿದ್ದಾರೆ? ತಾರತಮ್ಯ ಇದೆಯೆಂಬುದು ನಿಜ. ಅರ್ಜಿಯನ್ನೇ ಹಾಕದವನಿಗೆ ತಾರತಮ್ಯದ ದೂರು ನೀಡುವ ಹಕ್ಕು ಎಲ್ಲಿಂದ ಬಂತು?

ಮಾಡಬೇಕಾದುದೇನು?

ಮೊದಲು ಮನೆಯಿಂದ ಆರಂಭಿಸೋಣ. ವೀಸಾ ಕೈಗೆ ಬರುವ ಮುನ್ನ ಇರುವ ಕೆಲಸಕ್ಕೆ ರಾಜೀನಾಮೆ ಬೇಡ, ವಿಮಾನದ ಟಿಕೆಟ್ ಬೇಡ, ವಾಸದ ಮನೆಯ ಅಡಮಾನ ಬೇಡ. ಅರ್ಜಿಯನ್ನು ತುಂಬುವವರು ಯಾರೇ ಇರಲಿ, ಅದರ ಖಾತೆ, ಇಮೇಲ್ ಮತ್ತು ಗುಪ್ತಪದ ಅಭ್ಯರ್ಥಿಯ ಕೈಯಲ್ಲೇ ಇರಲಿ. ಹಣವನ್ನು ಬ್ಯಾಂಕಿನ ಮೂಲಕವೇ ಕೊಡಿ. ಸಂದರ್ಶನ ರದ್ದಾದರೆ ಎಷ್ಟು ಹಣ, ಎಷ್ಟು ದಿನಗಳಲ್ಲಿ ಮರಳುತ್ತದೆಂದು ಬರೆಸಿಕೊಳ್ಳಿ. ಬರೆದುಕೊಡಲು ಒಪ್ಪದವನು ನಮಾಝಿಯಾಗಿದ್ದರೂ ಅವನ ಅಂಗಡಿಯ ಮೆಟ್ಟಿಲಿಳಿದು ಬನ್ನಿ. ಮಗ ಕಾಯುವ ತಿಂಗಳುಗಳಲ್ಲಿ ಇಲ್ಲಿಯೇ ಒಂದು ಕೆಲಸ, ಒಂದು ತರಬೇತಿ ಅವನ ಕೈಯಲ್ಲಿರಲಿ. ಮಗಳ ಓದು ನಿಕಾಹಿನೊಂದಿಗೆ ನಿಲ್ಲದಿರಲಿ.

ಎರಡನೆಯ ಹೊಣೆ ಜಮಾಅತಿನದು. ಮಸೀದಿಯ ಗೋಡೆಗೆ ಅಮೃತಶಿಲೆ ಹೊದಿಸಲು ಹಣವಿದೆ, ಮಿನಾರಕ್ಕೆ ದೀಪಮಾಲೆ ಹಾಕಲು ಹಣವಿದೆ. ವಾರಕ್ಕೊಮ್ಮೆ ಜುಮಾದ ಬಳಿಕ ಇಬ್ಬರು ವಿದ್ಯಾವಂತ ಯುವಕರು ಕುಳಿತು, ವೀಸಾ ಅರ್ಜಿ, ವಿದ್ಯಾರ್ಥಿವೇತನ, ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಸಾಲ ಮುಂತಾದವುಗಳ ಕುರಿತು ಪುಕ್ಕಟೆ ಸಲಹೆ ನೀಡುವ ಒಂದು ಮೇಜಿಗೆ ಮಾತ್ರ ಜಾಗವಿಲ್ಲವೇ? ಸಾಲದಲ್ಲಿ ಮುಳುಗಿದವರು ಝಕಾತಿನ ಎಂಟು ಹಕ್ಕುದಾರರಲ್ಲಿ ಒಂದು ವರ್ಗವೆಂದು ಅತ್ತೌಬಃ ಅಧ್ಯಾಯದ 60ನೇ ವಚನ ಹೇಳುತ್ತದೆ. ಮಹಾಮಾರಿಯಲ್ಲಿ ಮುರಿದುಬಿದ್ದ ಕುಟುಂಬಗಳ ಬಡ್ಡಿಯ ನೊಗವನ್ನು ಇಳಿಸಲು ಬೈತುಲ್ ಮಾಲ್ ಮತ್ತು ಬಡ್ಡಿರಹಿತ ಸಾಲದ ನಿಧಿ ಇಲ್ಲದ ಜಮಾಅತು, ಬಡ್ಡಿ ಹರಾಮ್ ಎಂದು ಮಿಂಬರಿನಿಂದ ಗುಡುಗುವುದರಿಂದ ಏನಾದೀತು? ಬಡವನಿಗೆ ಹರಾಮಿನ ದಾರಿಯನ್ನು ಮುಚ್ಚುವವರು ಹಲಾಲಿನ ದಾರಿಯನ್ನು ತೆರೆಯಬೇಕು.

ಮಹಾಮಾರಿ ಕಳೆದುಹೋಯಿತು, ಇನ್ನು ಈ ಮಾತೇಕೆ ಎನ್ನುವವರಿದ್ದಾರೆ. ಅವರು 2025ನ್ನು ನೆನಪಿಸಿಕೊಳ್ಳಲಿ. ಆ ವರ್ಷದ ಮೇ ತಿಂಗಳ ಕೊನೆಯಲ್ಲಿ ಯಾವ ರೋಗವೂ ಇರಲಿಲ್ಲ. ಆದರೂ ಅಮೆರಿಕವು ವಿದ್ಯಾರ್ಥಿ ವೀಸಾದ ಹೊಸ ಸಂದರ್ಶನಗಳ ನಿಗದಿಯನ್ನು ಮೂರು ವಾರಗಳ ಕಾಲ ನಿಲ್ಲಿಸಿತು. ಜೂನ್‌ನಲ್ಲಿ ಮತ್ತೆ ಆರಂಭಿಸಿದಾಗ ಅಭ್ಯರ್ಥಿಗಳ ಸಾಮಾಜಿಕ ಜಾಲತಾಣದ ಬರಹಗಳನ್ನೂ ಜಾಲಾಡುವ ನಿಯಮ ತಂದಿತು. ಡಿಸೆಂಬರ್‌ನಲ್ಲಿ ಭಾರತದ ಅನೇಕ ಎಚ್-1ಬಿ ಅಭ್ಯರ್ಥಿಗಳ ಸಂದರ್ಶನಗಳನ್ನು ಮರುವರ್ಷಕ್ಕೆ ಮುಂದೂಡಿತು. ರಜೆಗೆ ಬಂದಿದ್ದವರು ಇಲ್ಲೇ ಸಿಕ್ಕಿಬಿದ್ದರು. ಒಮ್ಮೆ ವೈರಾಣು ಮುಚ್ಚಿದ ಬಾಗಿಲನ್ನು ಇನ್ನೊಮ್ಮೆ ರಾಜಕೀಯ ಮುಚ್ಚುತ್ತದೆ. ಆ ಬಾಗಿಲಿನ ಬೀಗದ ಕೈ ನಮ್ಮಲ್ಲಿಲ್ಲ, ಎಂದೂ ಇರಲಿಲ್ಲ.

ನಮ್ಮ ಕೈಯಲ್ಲಿರುವುದು ಇಷ್ಟೇ: ಬರೆದಿಟ್ಟ ಕರಾರು, ಬಡ್ಡಿಯಿಲ್ಲದ ಹಣ, ಓದು ನಿಲ್ಲಿಸದ ಮಗಳು, ಎರಡನೆಯ ದಾರಿ ಬಲ್ಲ ಮಗ, ಪ್ರಶ್ನೆ ಕೇಳಿದರೆ ಉತ್ತರ ಸಿಗುವ ಮಸೀದಿ. ಒಂಟೆಯನ್ನು ಕಟ್ಟಿದ ಬಳಿಕ ಅಲ್ಲಾಹನ ಮೇಲೆ ಭರವಸೆಯಿಡಬೇಕೆಂದು ಪ್ರವಾದಿ(ಸ) ಕಲಿಸಿದರು. ಕಟ್ಟದೆ ಬಿಟ್ಟ ಒಂಟೆ ಓಡಿಹೋದಾಗ ನಸೀಬನ್ನು ದೂರುವ ಚಾಳಿಯನ್ನು ನಾವು ಯಾರಿಂದ ಕಲಿತೆವು? ಮುಂದಿನ ಬಾರಿ ಬಾಗಿಲು ಮುಚ್ಚುವ ಮುನ್ನ ಪ್ರತಿ ಮನೆಯೂ, ಪ್ರತಿ ಜಮಾಅತೂ ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲಿ.